ಗ್ಯಾಸ್ ಹೋಗ್ಯಾದ, ಎಲ್ಲಿಂದ ಹೋಗ್ಯಾದ?

ಏಪ್ರಿಲ್ ಬಂತೆಂದರೆ ಕಲಬುರಗಿಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚಿಕೊಳ್ಳುತ್ತವೆ. ಸರ್ಕಾರವೇ ಬಿಸಿಲಿಗೆ ಅಂಜಿ ವೇಳೆ ಬದಲಿಸುವ ಊರು ಇದು. ಆದರೆ ರಿಂಗ್ ರೋಡಿನ ಬದಿಯ ಕಾರ್ ಎಸಿ ಅಂಗಡಿಗಳಿಗೆ ಈ ಎರಡು ತಿಂಗಳು ಉಣ್ಣಲೂ ಪುರುಸೊತ್ತಿಲ್ಲ. ಒಂಬತ್ತಕ್ಕೆಲ್ಲ ತಗಡಿನ ಛಾವಣಿ ಕಾಯತೊಡಗುತ್ತದೆ. ನೆಲಕ್ಕೆ ಹಾಸಿದ ಶಹಾಬಾದ್ ಪರಸಿ ವರ್ಷಗಟ್ಟಲೆ ಎಣ್ಣೆ ಕುಡಿದು ಕರ್ರಗಾಗಿದೆ. ಗೋಡೆಯ ಮೊಳೆಗಳಿಗೆ ಕೆಂಪು, ನೀಲಿ, ಹಳದಿ ಪೈಪುಗಳು ನೇತುಬಿದ್ದಿವೆ. ಮೂಲೆಯಲ್ಲಿ ತಿಳಿನೀಲಿ ಸಿಲಿಂಡರುಗಳ ಸಾಲು, ಅದರ ಪಕ್ಕ ಮುರಿದ ಕಂಡೆನ್ಸರುಗಳ ರಾಶಿ. ಹೊರಗಿನ ಬೋರ್ಡಿನಲ್ಲಿ ದಪ್ಪ ಅಕ್ಷರ: ‘ಇಲ್ಲಿ ಎಲ್ಲಾ ತರಹದ ಕಾರ್ ಎ.ಸಿ. ಗ್ಯಾಸ್ ತುಂಬಲಾಗುವುದು’.

ಬೋರ್ಡಿನಲ್ಲಿ ಬರೆದಿರುವುದು ತುಂಬುವ ಮಾತು ಮಾತ್ರ. ತುಂಬಿದ್ದು ಎಲ್ಲಿಂದ ಹೋಯಿತು ಎಂದು ಹುಡುಕುತ್ತೇವೆ ಅಂತ ಬರೆಸಿದ ಬೋರ್ಡನ್ನು ನಾನು ಯಾವ ಊರಿನಲ್ಲೂ ಕಂಡಿಲ್ಲ. ಗಿರಾಕಿಗೆ ಬೇಕಾದದ್ದೂ ಅಷ್ಟೇ ಎನ್ನಿ.

ಸೇಡಂನಿಂದ ಬಂದ ಹೈಸ್ಕೂಲ್ ಮಾಸ್ತರರೊಬ್ಬರು ತಮ್ಮ ಬಿಳಿ ಸಣ್ಣ ಕಾರನ್ನು ಅಂಗಡಿ ಮುಂದೆ ನಿಲ್ಲಿಸಿ ಇಳಿದರು. ಅಂಗಿಯ ಬೆನ್ನು ಪೂರಾ ಒದ್ದೆ.

“ಉಗಾದಿ ಮುಂದ ಬ್ಯಾರೆ ಕಡಿ ಗ್ಯಾಸ್ ಹಾಕಿಸೀನ್ರಿ. ತಿಂಗಳ ಆಗಿಲ್ಲ, ಮತ್ತ ಬಿಸಿ ಗಾಳಿ. ಒಮ್ಮೆ ಟಾಪ್-ಅಪ್ ಮಾಡಿ ಕೊಟ್ಬಿಡ್ರಿ, ಊರಿಗಿ ಹೋಗಬೇಕು.”

ಅಂಗಡಿಯ ಉಸ್ತಾದ್ ಕನ್ನಡಕವನ್ನು ಹಣೆಗೆ ಏರಿಸಿದರು. ಅರವತ್ತರ ಆಸುಪಾಸಿನ ಮನುಷ್ಯ. ಬೆರಳ ಸಂದಿನ ಕಪ್ಪು ಇನ್ನು ಯಾವ ಸಾಬೂನಿಗೂ ಹೋಗುವಂಥದ್ದಲ್ಲ.

“ಹಾಕ್ಲಾಕ ಹತ್ತು ನಿಮಿಷ ಸಾಕ್ರಿ ಸರ್. ಎಲ್ಲಿಂದ ಹೋಗ್ಲಾಕತ್ತದ ಅಂತ ನೋಡ್ಲಾರ್ದ ಹಾಕಿದ್ರ ಮುಂದಿನ ತಿಂಗಳ ಮತ್ತ ಬರ್ತೀರಿ.”

“ಓಡಿಸಿದ್ರ ಗ್ಯಾಸ್ ಖರ್ಚಾಗ್ತದಲ್ರಿ?”

“ಇದೇನು ಪೆಟ್ರೋಲ್ ಏನ್ರಿ, ಸುಟ್ಟು ಖರ್ಚಾಗ್ಲಾಕ? ಒಳಗಿದ್ದದ್ದು ಒಳಗೇ ತಿರುಗ್ತದ. ಕಡಿಮಿ ಆಗ್ಯಾದ ಅಂದ್ರ ಎಲ್ಲೋ ದಾರಿ ಆಗ್ಯಾದ.”

ಕಾರಿನ ಎಸಿಯ ಇಡೀ ಶಾಸ್ತ್ರ ಆ ಉತ್ತರದಲ್ಲಿ ಬಂದುಹೋಯಿತು. ಎಂಜಿನ್ನಿನ ಬೆಲ್ಟಿಗೆ ತಗಲಿಕೊಂಡ ಕಂಪ್ರೆಸರ್ ಗ್ಯಾಸನ್ನು ಹಿಂಡಿ ಕಾಯಿಸಿ ಮುಂದೆ ತಳ್ಳುತ್ತದೆ. ರೇಡಿಯೇಟರಿನ ಮುಂದೆ ನಿಂತ ಕಂಡೆನ್ಸರಿನಲ್ಲಿ ಅದು ಬಿಸಿ ಬಿಟ್ಟು ದ್ರವವಾಗುತ್ತದೆ. ಎಕ್ಸ್‌ಪ್ಯಾನ್ಶನ್ ವಾಲ್ವಿನ ಸಣ್ಣ ಕಂಡಿಯಲ್ಲಿ ನುಸುಳಿ ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲ್‌ಗೆ ಬಂದಾಗ ಒತ್ತಡ ಕುಸಿದು, ದ್ರವ ಕುದ್ದು, ಕಾರೊಳಗಿನ ಸೆಕೆಯನ್ನು ಹೀರಿಕೊಂಡು ಮತ್ತೆ ಕಂಪ್ರೆಸರಿಗೆ ಮರಳುತ್ತದೆ. ಹೀಗೆ ಸುತ್ತುವ ಆರ್-134ಎ ಎಂಬ ಗ್ಯಾಸು ಸಣ್ಣ ಕಾರೊಂದರಲ್ಲಿ 400 ಗ್ರಾಂ ಆಸುಪಾಸು ಇರುತ್ತದೆ, ಅಷ್ಟೇ. ಎಷ್ಟಿರಬೇಕೆಂದು ಬಾನೆಟ್ಟಿನ ಒಳಗೆ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತದೆ. ಆ ಚೀಟಿ ಓದುವವರು ಕಡಿಮೆ.

ಈ ಗ್ಯಾಸಿನ ಕುದಿಬಿಂದು ಸೊನ್ನೆಗಿಂತ 26 ಡಿಗ್ರಿ ಕೆಳಗೆ. ಹೊರಗಿನ ಗಾಳಿಗೆ ತಾಗಿದ ಕ್ಷಣವೇ ಹಾರಿಹೋಗುವ ಜಾತಿ. ಬಣ್ಣವಿಲ್ಲ, ಹೇಳಿಕೊಳ್ಳುವಂಥ ವಾಸನೆ ಇಲ್ಲ. ನೀರು ಸೋರಿದರೆ ನೆಲ ಒದ್ದೆಯಾಗುತ್ತದೆ, ಪೆಟ್ರೋಲ್ ಸೋರಿದರೆ ಮೂಗಿಗೆ ಬಡಿಯುತ್ತದೆ. ಇದು ಸೋರಿದರೆ ತಿಳಿಯುವುದು ಕಾರೊಳಗೆ ಕುಳಿತವನು ಬೆವರಿದಾಗ ಮಾತ್ರ. ಹೀಗಾಗಿ ಇದನ್ನು ಹುಡುಕುವುದು ಒಂದು ಪತ್ತೇದಾರಿ ಕೆಲಸ. ಆ ಕೆಲಸಕ್ಕೊಂದು ಕ್ರಮವಿದೆ, ಕ್ರಮ ತಪ್ಪಿದವನಿಗೆ ಎಂಥ ದುಬಾರಿ ಯಂತ್ರವೂ ಸುಳ್ಳು ಹೇಳುತ್ತದೆ.

ಉಸ್ತಾದ್ ಮೊದಲು ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಬಾನೆಟ್ ಎತ್ತಿ, ಸಣ್ಣ ಟಾರ್ಚು ಹಿಡಿದು, ಪೈಪುಗಳ ಜಾಡಿನಲ್ಲಿ ಕಣ್ಣು ಓಡಿಸಿದರು. ಕಂಪ್ರೆಸರಿನಿಂದ ಹೊರಟ ಪೈಪು ಎಲ್ಲೆಲ್ಲಿ ಕೂಡುತ್ತದೋ ಅಲ್ಲೆಲ್ಲ ನಿಂತು, ರಬ್ಬರು ಪೈಪಿಗೆ ಅಲ್ಯೂಮಿನಿಯಮ್ ಕಚ್ಚಿರುವ ಜಾಗವನ್ನು ಬಳೆಗಾರ ಹೆಣ್ಣುಮಕ್ಕಳ ಕೈ ಹಿಡಿದು ಅಳತೆ ನೋಡಿದ ಹಾಗೆ ಎರಡು ಬೆರಳಲ್ಲಿ ಒತ್ತಿ ಒತ್ತಿ ನೋಡಿದರು. ಹುಡುಕುತ್ತಿದ್ದದ್ದು ಜಿಡ್ಡನ್ನು. ಗ್ಯಾಸು ಒಂಟಿಯಾಗಿ ಹೊರಬೀಳುವುದಿಲ್ಲ, ಕಂಪ್ರೆಸರಿಗೆಂದು ಹಾಕಿದ ಎಣ್ಣೆ ಅದರ ಜತೆಗೇ ಸುತ್ತುತ್ತಿರುತ್ತದೆ. ಸೋರುವ ಜಾಗದಲ್ಲಿ ಗ್ಯಾಸ್ ಹಾರಿಹೋದರೂ ಎಣ್ಣೆ ಉಳಿಯುತ್ತದೆ, ಎಣ್ಣೆಗೆ ಧೂಳು ಕೂರುತ್ತದೆ. ಸುತ್ತಲೆಲ್ಲ ಒಣ ಬೂದು ಬಣ್ಣವಿದ್ದು ನಡುವೆ ಒಂದು ಕಡೆ ಮಾತ್ರ ಕಪ್ಪಗೆ, ಹಸಿಯಾಗಿ ಕಂಡರೆ ಅಲ್ಲಿ ಅನುಮಾನ ಪಡಬೇಕು. ಕಲಬುರಗಿಯ ಧೂಳು ಈ ಒಂದು ವಿಷಯದಲ್ಲಿ ಮೆಕ್ಯಾನಿಕ್ಕಿಗೆ ಉಪಕಾರಿ.

ಈ ಊರಿಗೆ ತನ್ನದೇ ಕಾಯಿಲೆಗಳೂ ಇವೆ. ಸೇಡಂ, ವಾಡಿ, ಶಹಾಬಾದ್ ಕಡೆಯ ರಸ್ತೆಗಳಲ್ಲಿ ಸಿಮೆಂಟ್ ಲಾರಿಗಳು ಹಗಲಿರುಳು ಓಡುತ್ತವೆ. ಅವುಗಳ ಗಾಲಿಯಿಂದ ಸಿಡಿದ ಕಲ್ಲು ಹಿಂದಿನ ಕಾರಿನ ಬಂಪರ್ ಜಾಲಿ ದಾಟಿ ನೇರ ಕಂಡೆನ್ಸರಿಗೆ ಬಡಿಯುತ್ತದೆ. ಕಂಡೆನ್ಸರಿನ ಕೊಳವೆಗಳ ಗೋಡೆ ಬಹಳ ತೆಳು. ಮೇಲಾಗಿ ಸಿಮೆಂಟ್ ಧೂಳಿಗೆ ನೀರು ತಾಗಿದರೆ ಕ್ಷಾರ, ಅಲ್ಯೂಮಿನಿಯಮ್ಮಿಗೆ ಕ್ಷಾರ ಆಗಿಬರುವುದಿಲ್ಲ. ಕಾರವಾರ, ಮಂಗಳೂರಿನ ಕಾರುಗಳಿಗೆ ಇದೇ ಹಾನಿಯನ್ನು ಕಡಲ ಉಪ್ಪುಗಾಳಿ ಮಾಡುತ್ತದೆ.

ಕಣ್ಣಿನ ಕೆಲಸ ಮುಗಿದ ಮೇಲೆ ಗೇಜು ಬಂತು. ಎರಡು ಗಡಿಯಾರ, ಕೆಂಪು ಹೈ ಸೈಡಿಗೆ, ನೀಲಿ ಲೋ ಸೈಡಿಗೆ. ಎಂಜಿನ್ ಆರಿಸಿದ ಸ್ಥಿತಿಯಲ್ಲಿ ಎರಡೂ ಮುಳ್ಳು ಚದರ ಅಂಗುಲಕ್ಕೆ 60 ಪೌಂಡಿಗೆ ಬಂದು ನಿಂತವು. ನೆರಳಿನಲ್ಲಿ 33 ಡಿಗ್ರಿ ಇರುವಾಗ ಗ್ಯಾಸು ಸರಿಯಾಗಿದ್ದ ಕಾರು 105–110 ಪೌಂಡ್ ತೋರಿಸಬೇಕು. 60 ಅಂದರೆ ಒಳಗೆ ದ್ರವ ಹನಿಯೂ ಉಳಿದಿಲ್ಲ, ಬರೀ ಆವಿ.

ಇಲ್ಲೊಂದು ಸೂಕ್ಷ್ಮವಿದೆ. ಅನೇಕ ಮೆಕ್ಯಾನಿಕ್ಕರು ಎಡವುವುದೂ ಇಲ್ಲೇ. ಒಳಗೆ ಸ್ವಲ್ಪವಾದರೂ ದ್ರವ ಇರುವ ತನಕ ನಿಂತ ಕಾರಿನ ಗೇಜು ಒಂದೇ ಅಂಕಿ ತೋರಿಸುತ್ತದೆ. ಅದನ್ನು ನಿರ್ಧರಿಸುವುದು ಹವೆಯ ಬಿಸಿ. ಗ್ಯಾಸು 400 ಗ್ರಾಂ ಇರಲಿ, 200 ಇರಲಿ, ಮುಳ್ಳು ಅಲ್ಲೇ ನಿಲ್ಲುತ್ತದೆ. ನಿಂತ ಕಾರಿಗೆ ಗೇಜು ಹಾಕಿ “ಪ್ರೆಶರ್ ಬರೋಬರಿ ಅದ, ಲೀಕ್ ಇಲ್ಲ” ಎಂದು ಕಳಿಸುವವರು ಅರ್ಧ ಖಾಲಿಯಾದ ಕಾರನ್ನು ಪಾಸು ಮಾಡಿ ಕಳಿಸುತ್ತಿರಬಹುದು. ಎಷ್ಟಿದೆ ಎಂದು ಹೇಳಬಲ್ಲದ್ದು ತಕ್ಕಡಿ ಒಂದೇ.

60 ಪೌಂಡ್ ಹುಡುಕಾಟಕ್ಕೆ ಸಾಕು. ಮೂಸುವ ಯಂತ್ರಕ್ಕೆ ಒಳಗಿನ ಒತ್ತಡ ಕನಿಷ್ಠ 50 ಪೌಂಡಾದರೂ ಇರಬೇಕು ಎಂಬುದು ಪದ್ಧತಿ. ಉಸ್ತಾದ್ ಅಂಗಡಿಯ ಹುಡುಗನಿಗೆ ಹೇಳಿದರು: “ಫ್ಯಾನ್ ಬಂದ್ ಮಾಡು. ಮುಂದಿನ ಪರದಾ ಬಿಡು.”

ಅಂಗಡಿಯಲ್ಲಿದ್ದ ಎಲ್ಲರೂ ಒಮ್ಮೆ ನಿಟ್ಟುಸಿರುಬಿಟ್ಟರು. ತಗಡಿನ ಕೆಳಗೆ, ಕಾದ ಎಂಜಿನ್ನಿನ ಪಕ್ಕ, ಗಾಳಿ ಅಲುಗಾಡದಂತೆ ತಾಡಪಾಲು ಇಳಿಬಿಟ್ಟು ನಿಲ್ಲಬೇಕು. ಸೋರುವ ಗ್ಯಾಸು ಎಳೆಯಷ್ಟು, ಒಂದು ಬೀಸಿಗೆ ಚೆದುರಿಹೋಗುತ್ತದೆ. ಊರಿಗೆಲ್ಲ ತಂಪು ಮಾಡಿಕೊಡುವವರು ಆ ತಂಪಿನ ಕಳ್ಳದಾರಿ ಹುಡುಕಲು ಇದ್ದ ಒಂದು ಫ್ಯಾನನ್ನೂ ಆರಿಸಿ ಬೆವರುತ್ತಾರೆ.

ಮೂಸುವ ಯಂತ್ರ, ಅಂದರೆ ಸ್ನಿಫರ್, ಟಾರ್ಚಿನಷ್ಟು ದೊಡ್ಡದು. ಅದರಿಂದ ಗೇಣುದ್ದದ ಬಾಗುವ ಕತ್ತು, ತುದಿಯಲ್ಲಿ ಸೂಜಿಮೊನೆ. ಆನ್ ಮಾಡಿದರೆ ‘ಟಿಕ್… ಟಿಕ್…’ ಎಂದು ನಿಧಾನ ಬಡಿಯುತ್ತದೆ. ಗ್ಯಾಸು ಸಿಕ್ಕರೆ ಬಡಿತ ಏರುತ್ತ ಏರುತ್ತ ಒಂದೇ ಸಮನೆ ಕಿರುಚುತ್ತದೆ. ಹೊಸ ಮಾದರಿಗಳು ಗ್ಯಾಸನ್ನು ಇನ್‌ಫ್ರಾರೆಡ್ ಬೆಳಕಿನಿಂದ ಗುರುತಿಸುತ್ತವೆ, ಇನ್ನು ಕೆಲವು ಕಾಯಿಸಿದ ಡಯೋಡಿನಿಂದ. ವರ್ಷಕ್ಕೆ 4 ಗ್ರಾಂ ಸೋರುವ ತೂತನ್ನೂ ಹಿಡಿಯಬೇಕು ಎಂದು ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ ಇವುಗಳಿಗೆ ಮಾನದಂಡ ಹಾಕಿದೆ. ದಿನದ ಲೆಕ್ಕಕ್ಕೆ ಅದು 11 ಮಿಲಿಗ್ರಾಂ.

ಉಸ್ತಾದ್ ಸೂಜಿಮೊನೆಯನ್ನು ಪೈಪಿನ ಕೆಳಮೈಯಲ್ಲೇ ಒಯ್ದರು. ಮೇಲೆ ಹಿಡಿದರೆ ಕೆಲಸವಿಲ್ಲ, ಈ ಗ್ಯಾಸು ಗಾಳಿಗಿಂತ ಮೂರೂವರೆ ಪಟ್ಟು ಭಾರ, ಸೋರಿದ್ದು ಕೆಳಗೆ ಇಳಿಯುತ್ತದೆ. ಮೊನೆ ಲೋಹಕ್ಕೆ ತಾಗಬಾರದು, ಅರ್ಧ ಸೆಂಟಿಮೀಟರಿಗಿಂತ ದೂರವೂ ಹೋಗಬಾರದು. ಕೈ ಸೆಕೆಂಡಿಗೆ ಎರಡು ಬೆರಳ ಅಗಲ ಸರಿದರೆ ಹೆಚ್ಚು. ಒಂದೊಂದು ಜಾಯಿಂಟಿನಲ್ಲೂ ಸುತ್ತು ಹಾಕಿಯೇ ಮುಂದೆ. ಇಷ್ಟು ನಿಧಾನವಾಗಿ ಕೈ ಓಡಿಸುವುದು ಎಷ್ಟು ಕಷ್ಟವೆಂದು ಮಾಡಿ ನೋಡಿದವರಿಗೇ ಗೊತ್ತು. ಹುಡುಗನಿಗೆ ಕೊಟ್ಟರೆ ಇಡೀ ಎಂಜಿನ್ ಬೇ ಅರ್ಧ ನಿಮಿಷದಲ್ಲಿ ಮುಗಿಸಿ “ಏನೂ ಇಲ್ಲ ಉಸ್ತಾದ್” ಎಂದುಬಿಡುತ್ತಾನೆ.

ಅಷ್ಟರಲ್ಲಿ ಯಂತ್ರ ಕಿರುಚಿತು, ಅದೂ ಯಾವ ಪೈಪೂ ಇಲ್ಲದ ಜಾಗದಲ್ಲಿ. ಉಸ್ತಾದ್ ಹುಡುಗನ ಮುಖ ನೋಡಿದರು. ಜಿಡ್ಡು ಒರೆಸಲು ಅವನು ಪೆಟ್ರೋಲ್ ಅದ್ದಿದ ಬಟ್ಟೆ ಬಳಸಿದ್ದ. ಪೆಟ್ರೋಲ್ ಆವಿಗೆ, ಗಾಜು ತೊಳೆಯುವ ದ್ರವಕ್ಕೆ, ಪೇಂಟ್ ಥಿನ್ನರಿಗೆ ಎಲ್ಲಕ್ಕೂ ಈ ಯಂತ್ರ ಮೋಸಹೋಗುತ್ತದೆ. ಒರೆಸುವುದಾದರೆ ಒಣ ಬಟ್ಟೆ. ಆವಿ ಆರುವ ತನಕ ಎಲ್ಲರೂ ಸುಮ್ಮನೆ ನಿಂತೆವು, ಫ್ಯಾನಿಲ್ಲದೆ.

ಮತ್ತೆ ಶುರುವಾಯಿತು. ಲೋ ಸೈಡಿನ ಪಿನ್ ಬಳಿ ಟಿಕ್ ಟಿಕ್ ಚುರುಕಾಯಿತು. ಗ್ಯಾಸ್ ತುಂಬುವ ಬಾಯಿ ಅದು, ಒಳಗೆ ಸ್ಪ್ರಿಂಗಿನ ಪುಟ್ಟ ವಾಲ್ವು. ಅದರ ಮುಚ್ಚಳ ಇರಲಿಲ್ಲ. ಕಳೆದ ಸಲ ತುಂಬಿದವರು ತೆಗೆದದ್ದನ್ನು ಹಾಕಲು ಮರೆತಿದ್ದರು. ಎರಡು ರೂಪಾಯಿಯ ಪ್ಲಾಸ್ಟಿಕ್ಕು ಎಂದು ಜನ ಅಸಡ್ಡೆ ಮಾಡುತ್ತಾರೆ, ಆದರೆ ಒಳಗಿನ ರಬ್ಬರು ಉಂಗುರದ ಸಮೇತ ಆ ಮುಚ್ಚಳವೇ ಕೊನೆಯ ಬಿಗಿ. ಹುಡುಗ ಸೋಪಿನ ನೀರನ್ನು ಬ್ರಶ್ಶಿನಲ್ಲಿ ಅದ್ದಿ ಪಿನ್ನಿಗೆ ಸವರಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸಾಸಿವೆ ಗಾತ್ರದ ಒಂದೇ ಗುಳ್ಳೆ ಎದ್ದು, ಬೆಳೆಯಲೋ ಬೇಡವೋ ಎಂಬಂತೆ ನಿಂತಿತು.

“ಸಿಕ್ತಲ್ರಿ!” ಮಾಸ್ತರರ ಮುಖ ಅರಳಿತು.

“ಇದು ತಿಂಗಳಿಗೆ ಖಾಲಿ ಮಾಡೋ ಲೀಕ್ ಅಲ್ರಿ ಸರ್. ಒಂದು ಸಿಕ್ತಂತ ನಿಂತ್ರ ಇನ್ನೊಂದು ಉಳೀತದ.”

ಹುಡುಕಾಟದ ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಒಂದು ತೂತು ಸಿಕ್ಕರೂ ಇಡೀ ಸುತ್ತು ಮುಗಿಸಲೇಬೇಕು. ಎಸ್‌ಎಇ ಬರೆದಿಟ್ಟ ವಿಧಾನವೂ ಅದನ್ನೇ ಹೇಳುತ್ತದೆ, ಅದನ್ನು ಓದದ ಉಸ್ತಾದರೂ ಅದನ್ನೇ ಹೇಳಿದರು.

ಸೂಜಿಮೊನೆ ಬಂಪರಿನ ಸಂದಿಯಲ್ಲಿ ಇಳಿದು ಕಂಡೆನ್ಸರಿನ ಎಡ ಕೆಳಮೂಲೆಗೆ ಹೋದಾಗ ಯಂತ್ರ ಟಿಕ್ಕೆನ್ನುವುದನ್ನೂ ಮರೆತು ಒಂದೇ ಉಸಿರಿಗೆ ಕಿರುಚಿತು. ಟಾರ್ಚು ಬಿಟ್ಟರೆ ಬಾಗಿದ ನಾಲ್ಕಾರು ರೆಕ್ಕೆಗಳು, ಅವುಗಳ ನಡುವೆ ಕಡಲೆಕಾಳಿನಷ್ಟು ಅಗಲದ ಜಿಡ್ಡುಗಪ್ಪು. ಸೋಪು ಸವರಿದ ಕೂಡಲೇ ನೊರೆ ಬುಸಬುಸ ಎದ್ದಿತು. ಕಲ್ಲು ಕಚ್ಚಿದ ಗಾಯ. ಕಾರು ಓಡುವಾಗ ಈ ಭಾಗದಲ್ಲಿ 200 ಪೌಂಡಿಗೂ ಮೀರಿದ ಒತ್ತಡ ಇರುತ್ತದೆ. ಉಗಾದಿಯ ಗ್ಯಾಸು ಸೇಡಂ ರಸ್ತೆಯ ಉದ್ದಕ್ಕೂ ಚೆಲ್ಲಿಕೊಂಡು ಹೋಗಿದ್ದು ಇಲ್ಲಿಂದ.

ಇನ್ನುಳಿದದ್ದು ಕೂಲಿಂಗ್ ಕಾಯಿಲ್. ಗಿರಾಕಿ ಮೆಕ್ಯಾನಿಕ್ ಇಬ್ಬರಿಗೂ ಭಯ ಹುಟ್ಟಿಸುವ ಭಾಗ ಅದು. ಅನೇಕ ಕಾರುಗಳಲ್ಲಿ ಅದನ್ನು ತಲುಪಬೇಕೆಂದರೆ ಸ್ಟೀರಿಂಗ್ ಸಮೇತ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ದಿನವಿಡೀ ಕೆಲಸ. ಬಿಚ್ಚದೆಯೇ ಒಳಗಿನ ಸುದ್ದಿ ತಿಳಿಯಲು ಒಂದು ಉಪಾಯವಿದೆ. ಬ್ಲೋವರನ್ನು ಒಂದಿಷ್ಟು ಹೊತ್ತು ಜೋರಾಗಿ ಓಡಿಸಿ ಒಳಗಿನ ಹಳೆ ಗಾಳಿಯನ್ನೆಲ್ಲ ಹೊರಹಾಕಬೇಕು. ಆರಿಸಿ ಹತ್ತು ನಿಮಿಷ ಬಿಡಬೇಕು. ಕಾಯಿಲ್ ಸೋರುತ್ತಿದ್ದರೆ ಭಾರದ ಗ್ಯಾಸು ಪೆಟ್ಟಿಗೆಯ ತಳಕ್ಕಿಳಿದು, ನೀರು ಹೊರಹೋಗುವ ಕೊಳವೆಯಲ್ಲಿ ಕೂತಿರುತ್ತದೆ. ಆಗ ಕಾರಿನ ಕೆಳಗೆ ಮಲಗಿ ಆ ಕೊಳವೆಯ ಬಾಯಿಗೆ ಸೂಜಿಮೊನೆ ಹಿಡಿಯಬೇಕು, ನೀರ ಹನಿ ಯಂತ್ರದೊಳಗೆ ಹೋಗದಂತೆ.

ಆ ಹತ್ತು ನಿಮಿಷಕ್ಕೆ ಚಹಾ ಬಂತು. ಉಸ್ತಾದ್ ಬಸಿಯಲ್ಲಿ ಸುರಿದುಕೊಂಡು ಹೈದರಾಬಾದಿನಲ್ಲಿ ಕೆಲಸ ಕಲಿತ ಕಾಲಕ್ಕೆ ಹೋದರು. ಆಗ ಕಾರುಗಳಲ್ಲಿ ಇದ್ದದ್ದು ಆರ್-12. ಅದರ ಸೋರಿಕೆ ಹುಡುಕುತ್ತಿದ್ದದ್ದು ಬೆಂಕಿಯಿಂದ! ಸಣ್ಣ ಗ್ಯಾಸ್ ದೀಪ, ಅದರ ಜ್ವಾಲೆಯಲ್ಲಿ ಕಾದು ಕೆಂಪಾಗುವ ತಾಮ್ರದ ತುಣುಕು, ದೀಪಕ್ಕೆ ಗಾಳಿ ಎಳೆದುಕೊಡುವ ಉದ್ದ ಪೈಪು. ಪೈಪಿನ ತುದಿಯನ್ನು ಜಾಯಿಂಟುಗಳ ಬಳಿ ಹಿಡಿಯುತ್ತ ಹೋದರೆ, ಸೋರುವ ಕಡೆ ಬಂದಾಗ ನೀಲಿ ಜ್ವಾಲೆ ಹಸಿರಾಗುತ್ತಿತ್ತು. ಅಂಗಡಿ ಕತ್ತಲಾದಷ್ಟೂ ಹಸಿರು ಚೆನ್ನಾಗಿ ಕಾಣುತ್ತಿತ್ತಂತೆ. “ಆ ಹೊಗಿ ಕುಡದ್ರ ಗಂಟಲ ಉರೀತಿತ್ರಿ. ವಿಷ ಅಂತ ಆಗ ಯಾರು ಹೇಳಿದ್ರು?” ಹ್ಯಾಲೈಡ್ ಟಾರ್ಚ್ ಎಂದು ಅದರ ಹೆಸರು. ಹೊಗೆಯಲ್ಲಿ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುವ ಅಪಾಯ ನಿಜವಾಗಿಯೂ ಇತ್ತು. ಜ್ವಾಲೆ ಹಸಿರಾಗುವುದಕ್ಕೆ ಕಾರಣ ಆರ್-12ರಲ್ಲಿದ್ದ ಕ್ಲೋರಿನ್. ಆರ್-134ಎನಲ್ಲಿ ಕ್ಲೋರಿನ್ನೇ ಇಲ್ಲ. ಹೊಸ ಗ್ಯಾಸು ಬಂದ ದಿನವೇ ಆ ದೀಪ ಗುಜರಿಗೆ ಹೋಯಿತು.

ಆ ಕ್ಲೋರಿನ್ನಿನ ಕಥೆ ಈ ಅಂಗಡಿಗಿಂತ ದೊಡ್ಡದು. ಅಮೆರಿಕದ ಥಾಮಸ್ ಮಿಜ್ಲಿ 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಆರ್-12 ಗ್ಯಾಸನ್ನು ಎದೆತುಂಬ ಎಳೆದುಕೊಂಡು ಉರಿಯುವ ಮೇಣದಬತ್ತಿಯ ಮೇಲೆ ಊದಿ ಆರಿಸಿದ. ವಿಷವಲ್ಲ, ಉರಿಯುವುದೂ ಇಲ್ಲ ಎಂದು ತೋರಿಸಿದ್ದು. ಅವನು ಹೇಳಿದ್ದು ಸುಳ್ಳೇನಲ್ಲ. ಆದರೆ ಸೋರಿದ ಗ್ಯಾಸು ಕೊಳೆಯದೆ, ಕರಗದೆ ಮೇಲೇರಿ ಓಜೋನ್ ಪದರವನ್ನು ತಿನ್ನುತ್ತದೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಎಚ್ಚರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು, ಭಾರತ 1992ರಲ್ಲಿ ಅದರೊಳಗೆ ಬಂತು. ಆರ್-12ರ ಜಾಗಕ್ಕೆ ಆರ್-134ಎ ಬಂತು. ಇದು ಓಜೋನಿನ ತಂಟೆಗೆ ಹೋಗುವುದಿಲ್ಲ, ಆದರೆ ಭೂಮಿಯನ್ನು ಕಾಯಿಸುತ್ತದೆ. ಒಂದು ಕಿಲೋ ಆರ್-134ಎ ನೂರು ವರ್ಷಗಳಲ್ಲಿ ಹಿಡಿದಿಡುವ ಬಿಸಿ 1,430 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ ಎಂಬುದು ಬಹಳ ಕಾಲದಿಂದ ಬಳಕೆಯಲ್ಲಿರುವ ಲೆಕ್ಕ. ಮಾಸ್ತರರ ಕಾರಿನಿಂದ 400 ಗ್ರಾಂ ಹೋಗಿದ್ದರೆ ಅದು 570 ಕಿಲೋ, ಸುಮಾರು 250 ಲೀಟರ್ ಪೆಟ್ರೋಲ್ ಸುಟ್ಟ ಹೊಗೆ. ಕಲಬುರಗಿಯಿಂದ ಬೆಂಗಳೂರಿಗೆ ಅದೇ ಕಾರಿನಲ್ಲಿ ಮೂರು ಸಲ ಹೋಗಿಬಂದಷ್ಟು. ಈ ಲೆಕ್ಕ ಹೇಳಿದಾಗ ಮಾಸ್ತರರು ಕಪ್ಪು ಕೆಳಗಿಟ್ಟು “ಕಲ್ಲು ಹೊಡದದ್ದು ಲಾರಿಯವರು, ಪಾಪ ನನಗ?” ಎಂದರು.

ಕೊಳವೆಯ ಬಾಯಲ್ಲಿ ಯಂತ್ರ ನಿಧಾನ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಕಾಯಿಲ್ ಗಟ್ಟಿ. ಡ್ಯಾಶ್‌ಬೋರ್ಡ್ ಉಳಿಯಿತು.

ಮುಂದಿನ ಕೆಲಸ ಎಲ್ಲ ಕಡೆಯಂತೆ: ಹೊಸ ಕಂಡೆನ್ಸರ್, ಹೊಸ ಡ್ರೈಯರ್, ಬಿಚ್ಚಿದ ಜಾಯಿಂಟುಗಳಿಗೆಲ್ಲ ಎಣ್ಣೆ ಸವರಿದ ಹೊಸ ಒ-ರಿಂಗ್. ತೂತಿಗೆ ಅಂಟು ಮೆತ್ತಿ ಕಳಿಸುವುದೂ ನಡೆಯುತ್ತದೆ. ಅದು ಹೆಚ್ಚೆಂದರೆ ಒಂದು ಬೇಸಿಗೆ ಬಾಳುತ್ತದೆ. ಆದರೆ ಜೋಡಿಸಿದ ಮೇಲಿನ ಪರೀಕ್ಷೆಯ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಮೋಸ, ಅಜ್ಞಾನ ಎರಡೂ ಇಲ್ಲಿ ಸೇರಿಕೊಳ್ಳುತ್ತವೆ. ಬಹಳ ಅಂಗಡಿಗಳಲ್ಲಿ ಪಂಪಿನಿಂದ ಒಳಗಿನ ಗಾಳಿ ಎಳೆದು ಮುಳ್ಳು ಕೆಳಗೇ ನಿಂತರೆ “ವ್ಯಾಕ್ಯೂಮ್ ಹಿಡಿದದ, ಲೀಕ್ ಇಲ್ಲ” ಎಂದು ಗ್ಯಾಸು ತುಂಬಿಬಿಡುತ್ತಾರೆ. ವ್ಯಾಕ್ಯೂಮ್ ಬೇಕೇ ಬೇಕು, ಒಳಗಿನ ತೇವವನ್ನು ಕುದಿಸಿ ಹೊರಗೆಳೆಯಲು. ತೇವ ಉಳಿದರೆ ವಾಲ್ವಿನಲ್ಲಿ ಮಂಜುಗಟ್ಟಿ ಕೂರುತ್ತದೆ, ಎಣ್ಣೆಯ ಜತೆ ಸೇರಿ ಆಮ್ಲವಾಗುತ್ತದೆ. ಆದರೆ ಸೋರಿಕೆಗೆ ಅದು ಸಾಕ್ಷಿಯಾಗದು. ವ್ಯಾಕ್ಯೂಮಿನಲ್ಲಿ ಹೊರಗಿನ ಗಾಳಿ ಒಳಗೆ ಒತ್ತುವುದು 15 ಪೌಂಡಿಗೂ ಕಡಿಮೆ, ಅದೂ ತಿರುಗುಮುರುಗಾಗಿ, ರಬ್ಬರನ್ನು ಒಳಕ್ಕೆ ಅದುಮುತ್ತ. ಓಡುವ ಎಸಿಯಲ್ಲಿ ಒಳಗಿನಿಂದ ಹೊರಕ್ಕೆ ಒತ್ತುವುದು ಅದರ ಹತ್ತಾರು ಪಟ್ಟು.

ಉಸ್ತಾದ್ ಬಳಿ ಬೂದು ಸಿಲಿಂಡರಿನಲ್ಲಿ ಒಣ ನೈಟ್ರೋಜನ್ ಇತ್ತು. ಸಿಲಿಂಡರಿನೊಳಗೆ ಸಾವಿರಾರು ಪೌಂಡ್ ಒತ್ತಡ. ರೆಗ್ಯುಲೇಟರ್ ಇಲ್ಲದೆ ನೇರ ಜೋಡಿಸಿದರೆ ಕಾಯಿಲ್ ಸಿಡಿದೇ ಹೋಗುತ್ತದೆ. 150 ಪೌಂಡಿಗೆ ಇಳಿಸಿ ತುಂಬಿ, ಎಲ್ಲ ಜಾಯಿಂಟಿಗೂ ಸೋಪು ಸವರಿ, ಅರ್ಧ ಗಂಟೆ ಮುಳ್ಳು ಕಾದರು. ಅಲ್ಲಾಡಲಿಲ್ಲ. ನೈಟ್ರೋಜನ್ ಇಲ್ಲವೆಂದು ಪಂಚರ್ ಅಂಗಡಿಯ ಗಾಳಿ ತುಂಬುವವರಿದ್ದಾರೆ. ಆ ಗಾಳಿಯಲ್ಲಿ ತೇವ ಇರುತ್ತದೆ, ಮೇಲಾಗಿ ಒತ್ತಡದಲ್ಲಿ ಗಾಳಿ ಬೆರೆತ ಆರ್-134ಎ ಹೊತ್ತಿಕೊಳ್ಳಲೂಬಹುದು. ಪಕ್ಕದ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ತಂದು ಜೋಡಿಸುವ ಸಾಹಸವಂತೂ ಬೇಡವೇ ಬೇಡ. ಒತ್ತಡದ ಆಕ್ಸಿಜನ್ನಿಗೆ ಎಣ್ಣೆ ಸಿಕ್ಕರೆ ಸ್ಫೋಟ.

ಎಲ್ಲ ಸೋರಿಕೆಯೂ ಹೀಗೆ ಒಂದು ಬೆಳಗಿನಲ್ಲಿ ಸಿಗುವುದಿಲ್ಲ. ಬೇಸಿಗೆಯಿಂದ ಬೇಸಿಗೆಗೆ ಅರ್ಧ ಗ್ಯಾಸು ಕಳೆದುಕೊಳ್ಳುವ ಕಾರುಗಳಿರುತ್ತವೆ. ಸೋಪಿಗೆ ಗುಳ್ಳೆ ಬರುವುದಿಲ್ಲ, ಮೂಸಿದರೆ ಒಮ್ಮೆ ಹೌದೆನ್ನುತ್ತದೆ, ಒಮ್ಮೆ ಇಲ್ಲ. ಅಂಥವಕ್ಕೆ ಡೈ. ಎಣ್ಣೆಯಲ್ಲಿ ಬೆರೆಯುವ ಬಣ್ಣವನ್ನು ಕೆಲವೇ ಮಿಲಿಲೀಟರಿನಷ್ಟು ಒಳಗೆ ಬಿಟ್ಟು ಗಾಡಿಯನ್ನು ಓಡಾಡಲು ಕಳಿಸುತ್ತಾರೆ. ವಾರಗಳು ಕಳೆದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಅಂಥದ್ದೊಂದು ಬಾಡಿಗೆ ಟ್ಯಾಕ್ಸಿ ಅಂಗಡಿಗೆ ಬಂತು. ಹುಡುಗ ಬಲ್ಬುಗಳನ್ನು ಆರಿಸಿದ. ಉಸ್ತಾದ್ ಹಳದಿ ಗಾಜಿನ ಕನ್ನಡಕ ಹಾಕಿಕೊಂಡು ಅಲ್ಟ್ರಾವಯೊಲೆಟ್ ಟಾರ್ಚು ಒತ್ತಿದರು. ಎಂಜಿನ್ ಬೇ ತುಂಬ ನೇರಳೆ ಮಬ್ಬು. ಜೇಡರ ಬಲೆ, ಅಂಗಿಯ ದಾರ, ಯಾರದೋ ಕೈಗಂಟಿದ್ದ ಸಾಬೂನಿನ ಕಲೆ ಎಲ್ಲವೂ ಬೆಳ್ಳಗೆ ಮಿನುಗಿದವು. ಕಂಪ್ರೆಸರಿನ ಮೂತಿಯ ಬಳಿ ಮಾತ್ರ ಎಳೆ ಗಿಳಿಹಸಿರು. ತಲೆ ಎತ್ತಿ ಬಾನೆಟ್ಟಿನ ಒಳಮೈಗೆ ಬೆಳಕು ಬಿಟ್ಟರೆ ಅಲ್ಲೂ ಅದೇ ಹಸಿರಿನ ಚುಕ್ಕಿಗಳು, ಗೆರೆ ಎಳೆದಂತೆ ಒಂದೇ ಸಾಲಿನಲ್ಲಿ. ಶಾಫ್ಟ್ ಸೀಲಿನಿಂದ ಒಸರಿದ ಎಣ್ಣೆಯನ್ನು ತಿರುಗುವ ಚಕ್ರ ಮೇಲಕ್ಕೆ ಎರಚಿತ್ತು. ನಿಂತ ಕಾರಿನಲ್ಲಿ ಬಾಯಿ ಮುಚ್ಚಿಕೊಂಡು ಓಡುವಾಗ ಮಾತ್ರ ಸೋರುವ ಸೀಲನ್ನು ಮೂಸುವ ಯಂತ್ರ ಹಿಡಿಯುವುದು ಕಷ್ಟ. ಡೈ ಹಿಡಿಯುತ್ತದೆ, ಆದರೆ ಕಾಯುವ ತಾಳ್ಮೆ ಇದ್ದವರಿಗೆ ಮಾತ್ರ.

ತಾಳ್ಮೆ ಇಲ್ಲದವರಿಗೆ ಮಾರುಕಟ್ಟೆಯಲ್ಲಿ ಡಬ್ಬಿಗಳಿವೆ. ಒಳಗೆ ಹಾಕಿದರೆ ತೂತು ತಾನೇ ಮುಚ್ಚಿಕೊಳ್ಳುತ್ತದೆ ಎನ್ನುವ ಸೀಲಂಟು. ತೂತಿನ ಬಳಿ ಗಾಳಿಯ ತೇವ ತಾಗಿ ಗಟ್ಟಿಯಾಗುವ ವಸ್ತು ಅದು. ಒಳಗೇ ತೇವ ಇದ್ದರೆ ಒಳಗೇ ಗಟ್ಟಿಯಾಗಿ ವಾಲ್ವನ್ನು ಕಟ್ಟುತ್ತದೆ, ಮುಂದೆ ಆ ಕಾರಿನಿಂದ ಗ್ಯಾಸು ಹೊರತೆಗೆಯುವ ಯಂತ್ರವನ್ನೂ ಕೆಡಿಸುತ್ತದೆ. ನನ್ನ ಮಟ್ಟಿಗೆ ಅದು ರಿಪೇರಿಯ ಹೆಸರಿನ ಹಾಳು.

ಹುಡುಕುವ ಕೆಲಸಕ್ಕೆ ಬೆಲೆ ಇಲ್ಲದಿರುವುದೇ ಇಲ್ಲಿಯ ದೊಡ್ಡ ತೊಡಕು ಅನ್ನಿಸುತ್ತದೆ. ಗ್ಯಾಸಿಗೆ ದುಡ್ಡು ಕೊಡುವ ಗಿರಾಕಿ, ಎರಡು ಗಂಟೆ ಫ್ಯಾನಿಲ್ಲದೆ ಬೆವರಿದ್ದಕ್ಕೆ ಕೊಡಲು ಚೌಕಾಸಿ ಮಾಡುತ್ತಾನೆ. ಹೀಗಾಗಿ ತುಂಬುವುದೇ ವ್ಯಾಪಾರವಾಯಿತು. ಈ ವ್ಯಾಪಾರ ಹೀಗೇ ನಡೆಯುವಂತಿಲ್ಲ. ರುವಾಂಡಾದ ಕಿಗಾಲಿಯಲ್ಲಿ 2016ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಆದ ತಿದ್ದುಪಡಿಯನ್ನು ಭಾರತ 2021ರಲ್ಲಿ ಅಂಗೀಕರಿಸಿದೆ. ಅದರ ಪ್ರಕಾರ ಆರ್-134ಎ ಜಾತಿಯ ಗ್ಯಾಸುಗಳ ಬಳಕೆಗೆ 2028ರಿಂದ ಮಿತಿ ಬೀಳುತ್ತದೆ, 2047ರ ಹೊತ್ತಿಗೆ ಅದು ನೂರಕ್ಕೆ 85 ಪಾಲು ಇಳಿಯಬೇಕು. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ ಈ ಗ್ಯಾಸನ್ನು ತುಂಬುವಂತೆಯೇ ಇಲ್ಲ, ಅದರ ಬದಲಿಗೆ ಬಂದ ಆರ್-1234ವೈಎಫ್ ಬಲು ತುಟ್ಟಿ. ಇತ್ತ ನಮ್ಮಲ್ಲಿ 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಚಾಲಕರ ಕ್ಯಾಬಿನ್ನಿಗೂ ಎಸಿ ಕಡ್ಡಾಯವಾಗಿದೆ. ಸೇಡಂ ರಸ್ತೆಯಲ್ಲಿ ಕಲ್ಲು ಸಿಡಿಸುವ ಹೊಸ ಲಾರಿಗೂ ಈಗ ಒಂದು ಕಂಡೆನ್ಸರ್ ಇದೆ. ಬಿಸಿಲಲ್ಲಿ ಬೇಯುತ್ತಿದ್ದ ಚಾಲಕನಿಗೆ ಅದು ಎಂದೋ ಸಿಗಬೇಕಾಗಿತ್ತು. ಸೋರುವ ಜಾಯಿಂಟುಗಳ ಸಂಖ್ಯೆಯೂ ಅದರ ಜತೆ ಏರುತ್ತದೆ.

ಇಷ್ಟಾಗಿಯೂ ಒಂದು ಹನಿ ಸೋರದ ಕಾರು ಇಲ್ಲ. ಹೊಚ್ಚಹೊಸ ಗಾಡಿಯ ರಬ್ಬರು ಪೈಪಿನಿಂದ, ಶಾಫ್ಟ್ ಸೀಲಿನಿಂದ ವರ್ಷಕ್ಕೆ ಕೆಲವು ಗ್ರಾಂ ಹೋಗುತ್ತಲೇ ಇರುತ್ತದೆ. ಏಳೆಂಟು ವರ್ಷಕ್ಕೊಮ್ಮೆ ಗ್ಯಾಸು ಕಡಿಮೆಯಾದರೆ ಗಾಬರಿ ಬೇಡ. ಪ್ರತಿ ಬೇಸಿಗೆಗೆ ತುಂಬಿಸುವಂತಾದರೆ ಕಾರಿನಲ್ಲಿ ತೂತಿದೆ, ತುಂಬಿದವರು ಅದನ್ನು ನೋಡಿಲ್ಲ.

ಹೀಗಾಗಿ ಎಸಿ ತಣ್ಣಗಾಗದ ದಿನ ಅಂಗಡಿಗೆ ಹೋಗಿ “ಗ್ಯಾಸ್ ಹಾಕಿ” ಎನ್ನಬೇಡಿ, “ಎಲ್ಲಿ ಸೋರುತ್ತಿದೆ ನೋಡಿ” ಎನ್ನಿ. ನೋಡುವ ಕೂಲಿಯನ್ನು ಚೌಕಾಸಿ ಇಲ್ಲದೆ ಕೊಡಿ. ಸಿಕ್ಕ ಜಾಗವನ್ನು ಕಣ್ಣಾರೆ ತೋರಿಸಲು ಕೇಳಿ. ನೈಟ್ರೋಜನ್ ಹಾಕಿ ಎಷ್ಟು ಹೊತ್ತು ಕಾದರು, ತಕ್ಕಡಿಯ ಮೇಲಿಟ್ಟು ಎಷ್ಟು ಗ್ರಾಂ ತುಂಬಿದರು ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಬಾನೆಟ್ಟಿನ ಚೀಟಿಗೆ ತಾಳೆ ನೋಡಿ. ಹೊರಡುವ ಮುಂಚೆ ಎರಡೂ ಪಿನ್ನಿನ ಮುಚ್ಚಳ ಕೂತಿವೆಯೇ ಎಂದು ಒಮ್ಮೆ ಬೆರಳು ಹಾಕಿ ನೋಡಿಕೊಳ್ಳಿ.